ದುಡ್ಡು ಕೂಡಿಸುವುದು, ಸ್ವಂತ ಕಾಲ ಮೇಲೆ ನಿಲ್ಲುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಣದ ಮಾತು ಬಂದಾಗ ನೆಂಟರು, ಗೆಳೆಯರು, ಪತ್ರ ಬರೆಯುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವನ್ನು ಅವರದೇ ಮಾತಿನಲ್ಲಿ ಇಲ್ಲಿ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಲೆಕ್ಕ ಜಾಸ್ತಿ ಬೇಕಾದದ್ದು ಆಮೇಲೆ. ಸಾಲವಿರಲಿ, ಚೀಟಿಯಿರಲಿ, ಸೈಟಿರಲಿ, ಎಲ್ಲವನ್ನೂ 'ವರ್ಷಕ್ಕೆ ನೂರಕ್ಕೆ ಎಷ್ಟು' ಅನ್ನುವ ಒಂದೇ ಅಳತೆಗೆ ತಂದಿದ್ದೇನೆ. ಹಾಗೆ ತಂದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತದೆ. ಬಡ್ಡಿ ದರ, ತೆರಿಗೆ ನಿಯಮ ಬದಲಾಗುತ್ತಲೇ ಇರುತ್ತವೆ. ದುಡ್ಡು ಹಾಕುವ ದಿನ ಇನ್ನೊಮ್ಮೆ ವಿಚಾರಿಸಿಕೊಳ್ಳಿ.

## ಶುರು ಮಾಡುವವರಿಗೆ

ಆರ್ಥಿಕ ಸ್ವಾತಂತ್ರ್ಯ ಅಂತಾರಲ್ಲ, ಹಾಗಂದ್ರೆ ಕೋಟಿಗಟ್ಟಲೆ ಇರಬೇಕಾ?

ಹಾಗೇನಿಲ್ಲ. ನೀವು ದುಡಿಯಲಿ ಬಿಡಲಿ, ಮನೆ ಖರ್ಚು ನಡೆಯುವಷ್ಟು ದುಡ್ಡು ನಿಮ್ಮ ಉಳಿತಾಯದಿಂದ ಬರಬೇಕು. ಅಷ್ಟೇ. ಆ 'ಖರ್ಚು' ಎಷ್ಟು ಅನ್ನುವುದು ಮನೆಯಿಂದ ಮನೆಗೆ ಬೇರೆ. ಸ್ವಂತ ಮನೆ, ಗದ್ದೆಯ ಅಕ್ಕಿ ಇದ್ದು ಸಾಲ ಇಲ್ಲದ ದಂಪತಿಗೆ ಹಾಸನದ ಕಡೆ ತಿಂಗಳಿಗೆ 20 ಸಾವಿರ ಸಾಕಾಗಬಹುದು. ಬೆಂಗಳೂರಿನಲ್ಲಿ ಎರಡು ಇಎಂಐ ಕಟ್ಟುವವರಿಗೆ ಲಕ್ಷವೂ ಸಾಲುವುದಿಲ್ಲ.

ಇದು ಒಂದೇ ಸಲ ಬರುವುದೂ ಅಲ್ಲ. ಕೈಸಾಲ ಇಲ್ಲದಿರುವುದು ಒಂದು ಹಂತ. ಆರು ತಿಂಗಳು ಸಂಬಳ ಬರದಿದ್ದರೂ ನಡೆಯುತ್ತದೆ ಅನ್ನುವುದು ಇನ್ನೊಂದು. ಆ ಎರಡನೇ ಹಂತಕ್ಕೆ ಬಂದವರು ಕೆಟ್ಟ ಕೆಲಸ ಬಿಟ್ಟು ಒಳ್ಳೆಯದನ್ನು ಹುಡುಕಬಲ್ಲರು. ನನ್ನ ಪ್ರಕಾರ ಜನರ ಬದುಕು ನಿಜವಾಗಿ ಬದಲಾಗುವುದು ಅಲ್ಲೇ, ಕೋಟಿಯ ಹತ್ತಿರ ಅಲ್ಲ.

ಸಂಬಳ 22 ಸಾವಿರ. ಬಾಡಿಗೆ, ಊಟ, ಊರಿಗೆ ಕಳಿಸೋದು ಆದ್ಮೇಲೆ ಏನ್ ಉಳಿಸ್ಲಿ?

ಉಳಿದದ್ದನ್ನು ಉಳಿಸುತ್ತೇನೆ ಅಂದರೆ ಏನೂ ಉಳಿಯುವುದಿಲ್ಲ. ಸಂಬಳ ಬಂದ ದಿನವೇ ಒಂದು ಮೊತ್ತ ಬೇರೆ ಖಾತೆಗೆ ತಾನಾಗಿ ಹೋಗಬೇಕು. ಸಾವಿರ ರೂಪಾಯಿ ಆದರೂ ಸರಿ.

ಸಣ್ಣ ಮೊತ್ತ ಅಂತ ನಾಚಬೇಡಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಏಜೆಂಟರು ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿದ್ದರು. ಇವತ್ತಿಗೂ ಅಂಗಡಿ ಬೀದಿಯಲ್ಲಿ ಸಂಜೆ ಹೊತ್ತು ಪಿಗ್ಮಿಯವರು ಬರುತ್ತಾರೆ, ಅಲ್ವಾ? ದಿನದ ದುಡಿಮೆಯವರಿಗೆ ಆ ಪದ್ಧತಿ ಈಗಲೂ ಒಳ್ಳೆಯದೇ. ಬಡ್ಡಿ ಕಮ್ಮಿ, ನಿಜ. ಆದರೆ ಕೈಯಲ್ಲಿದ್ದರೆ ಖರ್ಚಾಗಿಬಿಡುವ ದುಡ್ಡು ಅದು. ಸಂಬಳದವರಿಗೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಅಂಚೆ ಕಚೇರಿಯ ಆರ್‌ಡಿ ಇದೆ, ತಿಂಗಳಿಗೆ 100 ರೂಪಾಯಿಯಿಂದ.

ಇನ್ನೊಂದು ಮಾತು. 22 ಸಾವಿರದಲ್ಲಿ ಕಾಫಿ, ಸಿನಿಮಾ ಬಿಟ್ಟು ಶ್ರೀಮಂತರಾಗಲು ಆಗುವುದಿಲ್ಲ. ಈ ಹಂತದಲ್ಲಿ ಹೊಸ ಕೆಲಸ ಕಲಿತು ಸಂಬಳ 35 ಸಾವಿರಕ್ಕೆ ಏರಿಸಿಕೊಳ್ಳುವುದು ಯಾವ ಹೂಡಿಕೆಗಿಂತಲೂ ಲಾಭ. ಉಳಿಸಿದ ದುಡ್ಡನ್ನು ಕೋರ್ಸಿಗೆ, ಲೈಸೆನ್ಸಿಗೆ ಹಾಕಿದರೆ ಅದು ಖರ್ಚಲ್ಲ.

ಕಷ್ಟಕಾಲಕ್ಕೆ ಅಂತ ಎಷ್ಟು ಇಟ್ಟಿರಬೇಕು? ಎಲ್ಲಿ?

ಖಾಯಂ ಕೆಲಸದವರಿಗೆ ಆರು ತಿಂಗಳ ಖರ್ಚು. ಗುತ್ತಿಗೆ ಕೆಲಸ, ಸ್ವಂತ ಅಂಗಡಿಯವರಿಗೆ ಒಂಬತ್ತರಿಂದ ಹನ್ನೆರಡು ತಿಂಗಳದ್ದು. ಬ್ಯಾಂಕಿನ ಎಫ್‌ಡಿಯಲ್ಲಿ ಇಡಿ, ಆದರೆ ಒಂದೇ ದೊಡ್ಡ ಎಫ್‌ಡಿ ಬೇಡ. 50 ಸಾವಿರದ ನಾಲ್ಕು ಎಫ್‌ಡಿ ಮಾಡಿದರೆ ಬೇಕಾದಾಗ ಒಂದನ್ನೇ ಮುರಿಸಬಹುದು. ಇದನ್ನು ಷೇರಿನಲ್ಲಿ ಇಡಬೇಡಿ. ಮೈದುನನಿಗೆ ಸಾಲವಾಗಿಯೂ ಕೊಡಬೇಡಿ.

ಬ್ಯಾಂಕ್ ಮುಳುಗಿದ್ರೆ ದುಡ್ಡು ಹೋಯ್ತಾ? ನಮ್ಮೂರ ಸಹಕಾರ ಸಂಘದಲ್ಲಿ ಬಡ್ಡಿ ಜಾಸ್ತಿ ಕೊಡ್ತಾರೆ

ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರರಿಗೆ, ಪ್ರತಿ ಬ್ಯಾಂಕಿಗೆ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿವರೆಗೆ ಇದು ಬರೀ 1 ಲಕ್ಷ ಇತ್ತು. ಒಂದೇ ಬ್ಯಾಂಕಿನ ಮೂರು ಶಾಖೆಯಲ್ಲಿಟ್ಟರೂ ಒಟ್ಟು 5 ಲಕ್ಷವೇ. ಸಹಕಾರಿ 'ಬ್ಯಾಂಕು'ಗಳಿಗೂ ಈ ವಿಮೆ ಇದೆ.

ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವು ಬ್ಯಾಂಕುಗಳಲ್ಲ. ಇವಕ್ಕೆ ಆ ವಿಮೆ ಇಲ್ಲ. ಬೋರ್ಡು, ಕೌಂಟರು, ಪಾಸ್‌ಬುಕ್ಕು ಎಲ್ಲ ಬ್ಯಾಂಕಿನ ಹಾಗೇ ಇರುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸದಸ್ಯರಾಗಿರಿ, ವಾರ್ಷಿಕ ಸಭೆಗೆ ಹೋಗಿ, ವಸೂಲಾಗದ ಸಾಲ ಎಷ್ಟಿದೆ ಅಂತ ಎದ್ದು ನಿಂತು ಕೇಳಿ. ನಿವೃತ್ತಿಯ ದುಡ್ಡು ಪೂರ್ತಿ ಮಾತ್ರ ಅಲ್ಲಿ ಇಡಬೇಡಿ.

## ಸಾಲ, ಚೀಟಿ, ವಿಮೆ

ಎರಡು ರೂಪಾಯಿ ಬಡ್ಡಿಗೆ ಸಾಲ ಸಿಕ್ತು. ಕಮ್ಮಿನೇ ಅಲ್ವಾ?

ಎರಡು ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು. ವರ್ಷಕ್ಕೆ 24. ಮೂರು ರೂಪಾಯಿ ಬಡ್ಡಿ ಅಂದರೆ 36. ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡರೆ ಎಷ್ಟೋ ಕಾರ್ಡುಗಳಲ್ಲಿ 40 ದಾಟುತ್ತದೆ.

'ಫ್ಲಾಟ್ 12' ಅನ್ನುವ ಸಾಲವನ್ನೂ ಬಿಡಿಸಿ ನೋಡಿ. ಲಕ್ಷ ಕೊಟ್ಟು ವರ್ಷದಲ್ಲಿ ತಿಂಗಳಿಗೆ 9,333ರಂತೆ 1,12,000 ಕಟ್ಟಿಸಿಕೊಳ್ಳುತ್ತಾರೆ. ಕೇಳಲು 12. ಆದರೆ ಪ್ರತಿ ತಿಂಗಳು ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಹಾಕಿದ್ದಾರೆ. ನಿಜವಾದ ದರ ಸುಮಾರು 21.5. ಸಾಲ ಕೊಡುವವರನ್ನು 'ಇಳಿಯುವ ಅಸಲಿನ ಮೇಲೆ ಎಷ್ಟು?' ಅಂತಲೇ ಕೇಳಿ.

ಇಂಥ ಸಾಲ ಇರುವಾಗ ಮ್ಯೂಚುವಲ್ ಫಂಡ್ (ಹಲವರ ದುಡ್ಡು ಕೂಡಿಸಿ ಷೇರು, ಬಾಂಡಿಗೆ ಹಾಕುವ ನಿಧಿ) ಮಾತು ಬೇಡ. 24ರ ಸಾಲ ತೀರಿಸಿದರೆ 24 ಗಳಿಸಿದ ಹಾಗೆ, ಅದೂ ಖಾತ್ರಿಯಾಗಿ. ಬೀರುವಿನಲ್ಲಿ ಒಡವೆ ಇದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಕಮ್ಮಿ ಬಡ್ಡಿಗೆ ತಂದು ಕೈಸಾಲ ತೀರಿಸುವುದು ಜಾಣತನ. ಮನೆ ಬಾಗಿಲಿಗೆ ಬಂದು ಬೈದು ವಸೂಲಿ ಮಾಡುವವರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿ.

ಚೀಟಿ ಹಾಕೋದು ಒಳ್ಳೇದಾ, ಕೆಟ್ಟದ್ದಾ?

ಒಂದು ಚೀಟಿಯನ್ನು ಬಿಚ್ಚಿ ನೋಡೋಣ. 20 ಜನ, ತಿಂಗಳಿಗೆ 5 ಸಾವಿರ, 20 ತಿಂಗಳು. ಪ್ರತಿ ತಿಂಗಳು 1 ಲಕ್ಷ ಕೂಡುತ್ತದೆ. ಮೂರನೇ ತಿಂಗಳು ಯಾರಿಗೋ ಮಗಳ ಫೀಸ್ ಕಟ್ಟಬೇಕು. 30 ಸಾವಿರ ಬಿಟ್ಟುಕೊಟ್ಟು 70 ಸಾವಿರಕ್ಕೆ ಚೀಟಿ ಎತ್ತುತ್ತಾರೆ. ಆ 30 ಸಾವಿರದಲ್ಲಿ ಚೀಟಿ ನಡೆಸುವವರ ಕಮಿಷನ್ 5 ಸಾವಿರ ಅಂತಿಟ್ಟುಕೊಳ್ಳಿ. ಉಳಿದ 25 ಸಾವಿರ 20 ಜನಕ್ಕೆ ಹಂಚಿಹೋಗುತ್ತದೆ. ಹಾಗಾಗಿ ಆ ತಿಂಗಳು ಎಲ್ಲರೂ ಕಟ್ಟುವುದು 5,000 ಅಲ್ಲ, 3,750.

ಈಗ ನೋಡಿ. ಮೊದಮೊದಲು ಎತ್ತಿದವರಿಗೆ ಇದು ಸಾಲ, ಅದೂ ದುಬಾರಿ ಸಾಲ. ಕೊನೆಯವರೆಗೂ ಕಾದವರಿಗೆ ಇದು ಉಳಿತಾಯ. ಒಂದೇ ಗುಂಪಿನಲ್ಲಿ ಕೂತಿದ್ದರೂ ಇಬ್ಬರ ಲೆಕ್ಕ ಬೇರೆ ಬೇರೆ. ಲಾಭ ಎಷ್ಟು ಅಂತ ಮೊದಲೇ ಹೇಳಲು ಯಾರಿಂದಲೂ ಆಗದು, ಯಾಕೆಂದರೆ ಅದು ಉಳಿದವರ ಅವಸರದ ಮೇಲೆ ನಿಂತಿದೆ.

ಅಪಾಯ ಇರುವುದು ಚೀಟಿಯಲ್ಲಿ ಅಲ್ಲ, ನಡೆಸುವವರಲ್ಲಿ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆಗಿರಬೇಕು, ಕಮಿಷನ್ ನೂರಕ್ಕೆ 7 ಮೀರಬಾರದು. ನೋಂದಣಿ ನಂಬರ್ ಕೇಳಿದರೆ ಮುಖ ಸಿಂಡರಿಸುವವರ ಹತ್ತಿರ ಹಾಕಬೇಡಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಚೀಟಿಯೇ ಬೇಕು ಅಂದರೆ, ಪೂರ್ತಿ ಹೋದರೂ ತಡೆದುಕೊಳ್ಳುವಷ್ಟು ಮಾತ್ರ ಹಾಕಿ.

ತಿಂಗಳಿಗೆ ನೂರಕ್ಕೆ ಮೂರು ಖಾತ್ರಿ ಲಾಭ ಕೊಡ್ತಾರಂತೆ. ನಮ್ಮ ಓಣಿಯವರೆಲ್ಲ ಹಾಕಿದ್ದಾರೆ

ಬೇಡವೇ ಬೇಡ. ವರ್ಷಕ್ಕೆ 36 ಖಾತ್ರಿ ಲಾಭ ಕೊಡುವ ವ್ಯಾಪಾರ ಇದ್ದರೆ ಅವರು ಬ್ಯಾಂಕಿನಲ್ಲಿ 12ಕ್ಕೆ ಸಾಲ ತಂದು ತಾವೇ ಮಾಡುತ್ತಿದ್ದರು. ನಿಮ್ಮ ದುಡ್ಡು ಯಾಕೆ ಬೇಕಿತ್ತು? ಮೊದಲು ಸೇರಿದವರಿಗೆ ಆಮೇಲೆ ಸೇರಿದವರ ದುಡ್ಡಿನಿಂದಲೇ ಕೊಡುತ್ತಿರುತ್ತಾರೆ. 2019ರಲ್ಲಿ ಬೆಂಗಳೂರಿನ ಐಎಂಎ ಅನ್ನುವ ಹೂಡಿಕೆ ಕಂಪನಿ ಬಾಗಿಲು ಹಾಕಿದಾಗ ಸಾವಿರಾರು ಮನೆಗಳ ಮದುವೆ ದುಡ್ಡು, ನಿವೃತ್ತಿ ದುಡ್ಡು ಸಿಕ್ಕಿಹಾಕಿಕೊಂಡಿತು. ಅವರಲ್ಲೂ ಬಹಳ ಜನ ಓಣಿಯವರನ್ನು ನಂಬಿ ಹಾಕಿದವರೇ.

ವಿಮೆ ಏಜೆಂಟ್ ನಮ್ಮ ಭಾವ. ವರ್ಷಕ್ಕೆ 50 ಸಾವಿರ ಕಟ್ಟಿದ್ರೆ 20 ವರ್ಷಕ್ಕೆ 18 ಲಕ್ಷ ಬರುತ್ತಂತೆ

ಕಟ್ಟುವುದು 10 ಲಕ್ಷ, ಬರುವುದು 18 ಲಕ್ಷ. ದುಪ್ಪಟ್ಟಿನ ಹತ್ತಿರ ಅನಿಸುತ್ತದೆ. ವರ್ಷದ ದರಕ್ಕೆ ತಂದರೆ 5ರಿಂದ 5.5ರ ನಡುವೆ. ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆಯಾದ ಪಿಪಿಎಫ್ 2020ರ ಏಪ್ರಿಲ್‌ನಿಂದ 7.1 ಕೊಡುತ್ತಿದೆ. ಇನ್ನು ನಡುವೆ ನಿಮಗೇನಾದರೂ ಆದರೆ ಮನೆಯವರಿಗೆ ಸಿಗುವುದು ಎಷ್ಟು ಅಂತ ಪಾಲಿಸಿಯಲ್ಲಿ ನೋಡಿ. 8 ಲಕ್ಷವೋ 10 ಲಕ್ಷವೋ ಇರುತ್ತದೆ. ಎರಡು ಮಕ್ಕಳಿರುವ ಮನೆಗೆ ಅದು ಎಷ್ಟು ದಿನ ಬರುತ್ತದೆ?

ವಿಮೆಗೆ ವಿಮೆ, ಉಳಿತಾಯಕ್ಕೆ ಉಳಿತಾಯ. 30 ವರ್ಷದ, ಸಿಗರೇಟು ಸೇದದವರಿಗೆ 1 ಕೋಟಿಯ ಟರ್ಮ್ ವಿಮೆ ವರ್ಷಕ್ಕೆ 10ರಿಂದ 15 ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಬದುಕಿದ್ದರೆ ಏನೂ ವಾಪಸ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಭಾವನಿಗೆ ಬೇಜಾರಾಗಬಾರದು ಅಂದರೆ ಟರ್ಮ್ ವಿಮೆಯನ್ನು ಅವರ ಹತ್ತಿರವೇ ಮಾಡಿಸಿ. ಪಾಲಿಸಿ ಈಗಷ್ಟೇ ಕೈಗೆ ಬಂದಿದ್ದರೆ 30 ದಿನದೊಳಗೆ ವಾಪಸ್ ಮಾಡಲು ಅವಕಾಶ ಇದೆ.

ಆರೋಗ್ಯ ವಿಮೆ ಕಂಪನಿ ಕೊಟ್ಟಿದೆ, ಸಾಕಲ್ವಾ?

ಕೆಲಸ ಹೋದ ದಿನ ಅದೂ ಹೋಗುತ್ತದೆ. ವಯಸ್ಸಿದ್ದಾಗಲೇ ಸ್ವಂತದ್ದೊಂದು ಮಾಡಿಸಿ. ಬಿಪಿ, ಶುಗರ್ ಬಂದಮೇಲೆ ಪ್ರೀಮಿಯಂ ಏರುತ್ತದೆ, ಆ ಕಾಯಿಲೆಗೆ ವಿಮೆ ಸಿಗಲು ಕಾಯುವ ಅವಧಿಯೂ ಇರುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯನ್ನು ವಿಚಾರಿಸಿ.

## ದುಡ್ಡು ಬೆಳೆಸುವುದು

ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರೋದು. ತಿಂಗಳ ಎಸ್‌ಐಪಿ ನಮಗೆ ಹೇಗೆ ಆಗುತ್ತೆ?

ಎಸ್‌ಐಪಿ ಅಂದರೆ ಮ್ಯೂಚುವಲ್ ಫಂಡಿಗೆ ಪ್ರತಿ ತಿಂಗಳು ಇಷ್ಟು ಅಂತ ಹಾಕುವುದು. ಅದು ಆಗದಿದ್ದರೂ ಪರವಾಗಿಲ್ಲ. ದುಡ್ಡು ಬಂದ ವಾರವೇ ಮೂರು ಪಾಲು ಮಾಡಿ. ಮುಂದಿನ ಕೊಯ್ಲಿನವರೆಗಿನ ಮನೆ ಖರ್ಚು ಒಂದು ಪಾಲು. ತೋಟದ ಗೊಬ್ಬರ, ಔಷಧಿ, ಕೂಲಿ ಇನ್ನೊಂದು. ಇವೆರಡೂ ಬ್ಯಾಂಕಿನಲ್ಲಿರಲಿ. ಮೂರನೆಯದು ಮಾತ್ರ ಬೆಳೆಸುವ ದುಡ್ಡು. ಅದನ್ನು ವರ್ಷಕ್ಕೊಮ್ಮೆ ಹಾಕಿದರೂ ಸಾಕು.

ಕೃಷಿಕರಿಗೆ ಒಂದು ಮಾತು ಒತ್ತಿ ಹೇಳಬೇಕು. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆಸಾಲ ಸಿಗುತ್ತದೆ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಆ ದುಡ್ಡನ್ನು ಮದುವೆಗೋ ಕಾರಿಗೋ ಹಾಕಿ, ಗಡುವು ಬಂದಾಗ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಸಂಘಕ್ಕೆ ಕಟ್ಟುವವರು ಊರೂರಲ್ಲೂ ಇದ್ದಾರೆ. ಸೊನ್ನೆ ಬಡ್ಡಿಯ ಸಾಲ 36ರ ಸಾಲವಾಗುವುದು ಹೀಗೆ. ನೋಡಿ ಹೊಟ್ಟೆ ಉರಿಯುತ್ತದೆ.

ಬಂಗಾರ ಯಾವತ್ತೂ ಕೈ ಬಿಡಲ್ಲ ಅಂತಾರೆ ಅಮ್ಮ

ಅಮ್ಮ ಹೇಳುವುದರಲ್ಲಿ ಸತ್ಯ ಇದೆ. ರಾತ್ರೋರಾತ್ರಿ ಆಸ್ಪತ್ರೆ ಖರ್ಚು ಬಂದಾಗ ಎಷ್ಟೋ ಮನೆ ಉಳಿಸಿದ್ದು ಬಳೆ, ಸರ. ಆದರೆ ಒಡವೆ ಬೇರೆ, ಹೂಡಿಕೆ ಬೇರೆ. ಮಜೂರಿ, ವೇಸ್ಟೇಜ್ ಸೇರಿ ನೂರಕ್ಕೆ 12 ಹಾಕಿದರೆ, ಜಿಎಸ್‌ಟಿ ಸೇರಿ ನೀವು ಚಿನ್ನದ ಬೆಲೆಗಿಂತ 15ಕ್ಕೂ ಜಾಸ್ತಿ ಕೊಡುತ್ತೀರಿ. ಮಾರುವಾಗ ಅದು ಬರುವುದಿಲ್ಲ. ಹೂಡಿಕೆಗೆ ಅಂದರೆ ಗೋಲ್ಡ್ ಇಟಿಎಫ್ (ಚಿನ್ನದ ಬೆಲೆಯ ಜೊತೆ ಏರಿಳಿಯುವ, ಷೇರಿನ ಹಾಗೆ ಕೊಳ್ಳುವ ಫಂಡ್) ವಾಸಿ. ಸರ್ಕಾರದ ಚಿನ್ನದ ಬಾಂಡ್ ಚೆನ್ನಾಗಿತ್ತು, 2024ರ ಫೆಬ್ರವರಿ ನಂತರ ಹೊಸದು ಬಂದಿಲ್ಲ. ಒಟ್ಟು ಉಳಿತಾಯದ ಹತ್ತನೇ ಒಂದು ಪಾಲು ಚಿನ್ನ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸೈಟ್ ತಗೊಂಡು ಬಿಟ್ರೆ ಸುಮ್ನೆ ಹತ್ತು ಪಟ್ಟಾಗುತ್ತೆ. ಷೇರೆಲ್ಲ ಯಾಕೆ?

3 ಲಕ್ಷದ ಸೈಟು 20 ವರ್ಷಕ್ಕೆ 30 ಲಕ್ಷ ಆದರೆ ಹತ್ತು ಪಟ್ಟು, ಸರಿ. ವರ್ಷಕ್ಕೆ ಎಷ್ಟಾಯಿತು? 12.2. ಒಳ್ಳೆಯ ಲಾಭವೇ. ಪವಾಡ ಅಲ್ಲ. ಅದರಲ್ಲಿ ನೋಂದಣಿ ಖರ್ಚು, ಕಂದಾಯ, ಬೇಲಿ ಕಳೆಯಬೇಕು. ಬೆಲೆ ಏರದ ಸೈಟುಗಳ ಕಥೆಯನ್ನು ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲ.

ತೆಗೆದುಕೊಳ್ಳುವುದಾದರೆ ಕಾಗದ ನೋಡದೆ ಅಡ್ವಾನ್ಸ್ ಕೊಡಬೇಡಿ. ತಾಯಿಪತ್ರ, ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ), ಭೂಪರಿವರ್ತನೆ ಆದೇಶ, ಅನುಮೋದಿತ ಲೇಔಟ್ ನಕ್ಷೆ, ಇ-ಖಾತಾ ಇಷ್ಟನ್ನೂ ನಿಮ್ಮದೇ ವಕೀಲರಿಗೆ ತೋರಿಸಿ, ಮಾರುವವರ ವಕೀಲರಿಗಲ್ಲ. ಭೂಪರಿವರ್ತನೆ ಆಗದ ಜಮೀನಿನ ಸೈಟು, ಅಂದರೆ ರೆವಿನ್ಯೂ ಸೈಟು, ಅಗ್ಗ ಇರುವುದಕ್ಕೆ ಕಾರಣ ಇದೆ. ಮತ್ತೆ, ಮಗಳ ಕಾಲೇಜು ಫೀಸಿಗೆ ಸೈಟಿನ ಮೂಲೆ ಕತ್ತರಿಸಿ ಮಾರಲು ಆಗುವುದಿಲ್ಲ. ಇರುವ ದುಡ್ಡನ್ನೆಲ್ಲ ನೆಲಕ್ಕೆ ಹಾಕಬೇಡಿ.

ಎಸ್‌ಐಪಿ ತಿಂಗಳಿಗೆ 5 ಸಾವಿರ ಹಾಕಿದ್ರೆ ಎಷ್ಟಾಗುತ್ತೆ?

ವರ್ಷಕ್ಕೆ 10ರ ಲೆಕ್ಕದಲ್ಲಿ 20 ವರ್ಷಕ್ಕೆ ಸುಮಾರು 38 ಲಕ್ಷ. ನೀವು ಹಾಕಿದ್ದು 12 ಲಕ್ಷ. ಇನ್ನು ಹತ್ತು ವರ್ಷ ಮುಂದುವರಿಸಿದರೆ 1 ಕೋಟಿ 13 ಲಕ್ಷ. ಕೊನೆಯ ಹತ್ತು ವರ್ಷದಲ್ಲಿ ಬರುವುದು ಮೊದಲ 20 ವರ್ಷದ ಎರಡು ಪಟ್ಟು. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು. ಆದರೆ ಈ 10 ಖಾತ್ರಿ ಅಲ್ಲ.

ಹೊಸಬರಿಗೆ ನಿಫ್ಟಿ 50ರ ಇಂಡೆಕ್ಸ್ ಫಂಡ್ (ಷೇರುಪೇಟೆಯ 50 ದೊಡ್ಡ ಕಂಪನಿಗಳಿಗೆ ದುಡ್ಡು ಹಾಕುವ ಫಂಡ್) ಒಂದೇ ಸಾಕು. 'ಡೈರೆಕ್ಟ್' ಯೋಜನೆಯನ್ನೇ ಆರಿಸಿ. 2013ರ ಜನವರಿಯಿಂದ ಇದು ಎಲ್ಲರಿಗೂ ಸಿಗುತ್ತಿದೆ, ಏಜೆಂಟರ ಕಮಿಷನ್ ಇರುವುದಿಲ್ಲ. ವರ್ಷಕ್ಕೆ ಒಂದು ಪರ್ಸೆಂಟ್ ಏನು ಮಹಾ ಅನ್ನಬೇಡಿ. 10 ಲಕ್ಷ 20 ವರ್ಷಕ್ಕೆ 11ರಲ್ಲಿ 80 ಲಕ್ಷ ದಾಟುತ್ತದೆ, 10ರಲ್ಲಿ 67 ಲಕ್ಷಕ್ಕೆ ನಿಲ್ಲುತ್ತದೆ.

ಮಾರ್ಕೆಟ್ ಬಿದ್ರೆ?

ಬಿದ್ದೇ ಬೀಳುತ್ತದೆ. 2008ರ ಜನವರಿಯಲ್ಲಿ 21 ಸಾವಿರದ ಹತ್ತಿರ ಇದ್ದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 8,500ಕ್ಕಿಂತ ಕೆಳಗೆ ಹೋಗಿತ್ತು. 2020ರಲ್ಲಿ ಕೊರೋನಾ ಬಂದಾಗ ಎರಡೇ ತಿಂಗಳಲ್ಲಿ 42 ಸಾವಿರದಿಂದ 26 ಸಾವಿರಕ್ಕೆ ಇಳಿಯಿತು. ಆಗ ಮಾರಿದವರಿಗೆ ನಷ್ಟ ನಿಜವಾಯಿತು, ಸುಮ್ಮನೆ ಕೂತವರಿಗೆ ಆಗಲಿಲ್ಲ. ಏಳು ವರ್ಷದೊಳಗೆ ಬೇಕಾಗುವ ದುಡ್ಡನ್ನು ಷೇರಿಗೆ ಹಾಕದಿದ್ದರೆ ಸುಮ್ಮನೆ ಕೂರುವುದು ಸಾಧ್ಯ.

ಎಫ್ ಅಂಡ್ ಓದಲ್ಲಿ ಫ್ರೆಂಡ್ ದಿನಕ್ಕೆ 5 ಸಾವಿರ ದುಡೀತಾನೆ

ಎಫ್ ಅಂಡ್ ಓ ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ವಹಿವಾಟು. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2024ರಲ್ಲಿ ಇದರ ಲೆಕ್ಕ ತೆಗೆಯಿತು. ಮೂರು ವರ್ಷದಲ್ಲಿ ಇದಕ್ಕಿಳಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತ್ತು. ಗೆಳೆಯನ ಫೋನಿನಲ್ಲಿ ಲಾಭದ ದಿನದ ಚಿತ್ರ ಅಲ್ಲ, ಪೂರ್ತಿ ವರ್ಷದ ಲೆಕ್ಕ ನೋಡಿ.

## ಮುಂದಿನ ಲೆಕ್ಕ

ಮನೆ ಸಾಲ ಬೇಗ ತೀರಿಸ್ಲಾ, ಆ ದುಡ್ಡನ್ನ ಎಸ್‌ಐಪಿಗೆ ಹಾಕ್ಲಾ?

50 ಲಕ್ಷ ಸಾಲ, 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 43,400. ಮೊದಲ ತಿಂಗಳು ಇದರಲ್ಲಿ 35,400 ಬಡ್ಡಿಗೇ ಹೋಗುತ್ತದೆ, ಅಸಲು ಇಳಿಯುವುದು 8 ಸಾವಿರ. 20 ವರ್ಷದ ಒಟ್ಟು ಬಡ್ಡಿ 54 ಲಕ್ಷ. ಪ್ರತಿ ವರ್ಷ ಒಂದು ಇಎಂಐ ಜಾಸ್ತಿ ಕಟ್ಟಿದರೆ ಸಾಲ 20 ವರ್ಷಕ್ಕಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆ ಮುಗಿಯುತ್ತದೆ. ಬದಲಾಗುವ ಬಡ್ಡಿ ದರದ ಮನೆ ಸಾಲಕ್ಕೆ ಮುಂಚೆ ಕಟ್ಟಿದರೆ ದಂಡ ಇಲ್ಲ.

ಬರೀ ಲೆಕ್ಕ ನೋಡಿದರೆ ಎಸ್‌ಐಪಿಯಲ್ಲಿ ಜಾಸ್ತಿ ಸಿಗಬಹುದು. ಆದರೂ ನಾನು ಹೇಳುವುದು ಎರಡನ್ನೂ ಮಾಡಿ ಅಂತ. ಬೋನಸ್ ಸಾಲಕ್ಕೆ, ತಿಂಗಳ ಉಳಿತಾಯ ಎಸ್‌ಐಪಿಗೆ. 45 ದಾಟಿದ್ದರೆ ಸಾಲದ ಕಡೆ ಜಾಸ್ತಿ ವಾಲಿ. ಕೆಲಸ ಹೋದಾಗ ಇಎಂಐ ಇಲ್ಲದ ಮನೆ ಕೊಡುವ ಧೈರ್ಯ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ.

ಎಷ್ಟು ದುಡ್ಡಾದ್ರೆ ಕೆಲಸ ಬಿಡಬಹುದು?

'ವರ್ಷದ ಖರ್ಚಿನ 25 ಪಟ್ಟು' ಅನ್ನುವ ಮಾತು ಕೇಳಿರುತ್ತೀರಿ. ಅದು 1994ರಲ್ಲಿ ಅಮೆರಿಕದ ಷೇರು, ಬಾಂಡುಗಳ ಲೆಕ್ಕದಿಂದ, ನಿವೃತ್ತಿಯ ನಂತರದ 30 ವರ್ಷಕ್ಕೆ ಅಂತ ಹುಟ್ಟಿದ್ದು. ನಮ್ಮಲ್ಲಿ ಬೆಲೆ ಏರಿಕೆ ಜಾಸ್ತಿ. 45ಕ್ಕೇ ಬಿಡುವವರು 40 ವರ್ಷ ಸಾಗಿಸಬೇಕು. ಹಾಗಾಗಿ ನಾನು 33 ಪಟ್ಟು ಇಟ್ಟುಕೊಳ್ಳಿ ಅನ್ನುತ್ತೇನೆ. ತಿಂಗಳಿಗೆ 40 ಸಾವಿರ ಖರ್ಚು ಅಂದರೆ ವರ್ಷಕ್ಕೆ 4.8 ಲಕ್ಷ, 33 ಪಟ್ಟು ಅಂದರೆ ಸುಮಾರು 1.6 ಕೋಟಿ. ಇರುವ ಮನೆಯನ್ನು ಇದರಲ್ಲಿ ಸೇರಿಸಬೇಡಿ, ಅದು ಊಟ ಹಾಕುವುದಿಲ್ಲ.

ಇದು ಇವತ್ತೇ ಬಿಡುವವರಿಗೆ. 20 ವರ್ಷದ ನಂತರ ಅಂದರೆ, ಬೆಲೆ ವರ್ಷಕ್ಕೆ 6 ಏರಿದರೂ ಅದೇ 40 ಸಾವಿರದ ಬದುಕಿಗೆ 1.28 ಲಕ್ಷ ಬೇಕು. ಆಗ ಮೊತ್ತ 5 ಕೋಟಿ ದಾಟುತ್ತದೆ. ಹೆದರಬೇಡಿ, ಸಂಬಳವೂ ಏರುತ್ತದೆ. ಸಂಬಳ ಏರಿದಾಗೆಲ್ಲ ಎಸ್‌ಐಪಿ ಏರಿಸದಿದ್ದರೆ ಮಾತ್ರ ಕಷ್ಟ.

ಬಿಟ್ಟ ಮೊದಲ ವರ್ಷಗಳೇ ಅಪಾಯದವು. ಆಗ ಮಾರ್ಕೆಟ್ ಬಿದ್ದು ನೀವು ಮಾರಿ ತಿನ್ನಬೇಕಾದರೆ ಗಂಟು ಬೇಗ ಕರಗುತ್ತದೆ. ನಾಲ್ಕೈದು ವರ್ಷದ ಖರ್ಚು ಎಫ್‌ಡಿಯಲ್ಲಿರಲಿ. 60 ದಾಟಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ.

ಮಗ ದುಬೈನಲ್ಲಿದ್ದಾನೆ. ಊರಲ್ಲಿ ತೋಟ ತಗೋಬೇಕು ಅಂತಾನೆ

ಎನ್‌ಆರ್‌ಐ ಆಗಿರುವಾಗ ಕೃಷಿ ಭೂಮಿ, ತೋಟ ಕೊಳ್ಳಲು ಅವಕಾಶ ಇಲ್ಲ. ಅಪ್ಪನಿಂದ ಆನುವಂಶಿಕವಾಗಿ ಬಂದರೆ ಇಟ್ಟುಕೊಳ್ಳಬಹುದು. ಮನೆ, ಫ್ಲ್ಯಾಟ್ ಕೊಳ್ಳಬಹುದು. ಅಲ್ಲಿನ ದುಡಿಮೆಯನ್ನು ಹೊರದೇಶದ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಕಳಿಸಲಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಊರಿನ ಹಳೇ ಉಳಿತಾಯ ಖಾತೆಯನ್ನು ಇಲ್ಲಿನ ಆದಾಯ ಇಡುವ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಹೊಸದಾಗಿ ಪಿಪಿಎಫ್ ತೆರೆಯಲು ಆಗುವುದಿಲ್ಲ.

ಅಪ್ಪ ತೀರಿಹೋದ್ರು. ಎಲ್ಲೆಲ್ಲಿ ಏನಿಟ್ಟಿದ್ದಾರೆ ನಮಗೆ ಗೊತ್ತೇ ಇಲ್ಲ

ಪಾಸ್‌ಬುಕ್ಕುಗಳಿಂದ ಶುರು ಮಾಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ, ಆದರೂ ವಾರಸುದಾರರು ಕೇಳಬಹುದು. 2023ರಲ್ಲಿ ಬಂದ 'ಉದ್ಗಮ್' ತಾಣದಲ್ಲಿ ಹೆಸರು, ಪ್ಯಾನ್ ಹಾಕಿ ಹುಡುಕಿ. ನಾಮಿನಿ ನೀವೇ ಆಗಿದ್ದರೂ ದುಡ್ಡು ಪೂರ್ತಿ ನಿಮ್ಮದು ಅಂತಲ್ಲ. ನಾಮಿನಿ ಪಡೆದುಕೊಳ್ಳುವವರು, ಹಕ್ಕು ವಾರಸುದಾರರದ್ದು. ಷೇರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ಅಕ್ಕತಂಗಿಯರ ಪಾಲನ್ನು ಮರೆಯಬೇಡಿ.

ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಆಸುಪಾಸಿನ ಪುಟ ತೆಗೆದು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಮನೆಯವರಿಗೆ 2 ಲಕ್ಷ ಬರಬೇಕು. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಸಾವು ಅಪಘಾತದಿಂದ ಆಗಿದ್ದರೆ ಅದರಲ್ಲೂ 2 ಲಕ್ಷ. ಮರಣ ಪ್ರಮಾಣಪತ್ರ ಹಿಡಿದುಕೊಂಡು ಅದೇ ಬ್ಯಾಂಕ್ ಶಾಖೆಗೆ ಹೋಗಿ, ಕ್ಲೇಮ್ ಫಾರ್ಮ್ ಅಲ್ಲೇ ಸಿಗುತ್ತದೆ.